ಬಾಯಿಯ ಲೈಕೆನ್ ಪ್ಲಾನಸ್: ಲೇಪನೌಷಧಗಳ ತುಲನೆಯ ಚರಿತ್ರೆ

ಲಂಡನ್ನಿನ ಚರ್ಮವೈದ್ಯ ಎರಾಸ್ಮಸ್ ವಿಲ್ಸನ್ 1869ರಲ್ಲಿ ಲೈಕೆನ್ ಪ್ಲಾನಸ್ ಎಂಬ ಹೆಸರಿನಿಂದ ವಿವರಿಸಿದ ವ್ಯಾಧಿಯು ಚರ್ಮದ ಮೇಲಾದರೆ ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ಶಮನವಾಗುತ್ತದೆ; ಬಾಯಿಯೊಳಗೆ ನೆಲೆಸಿದರೆ ಹಲವು ವರ್ಷ ಕಾಡುತ್ತದೆ. ಕೆನ್ನೆಯ ಒಳಮೈಯಲ್ಲಿ ಬಲೆಯಂತೆ ಹೆಣೆದುಕೊಳ್ಳುವ ಬಿಳಿ ಗೆರೆಗಳು ನೋಯದಿರಬಹುದು. ಆದರೆ ಲೋಳೆಪೊರೆ ಸವೆದು ಹುಣ್ಣಾದಾಗ ಖಾರದ ಸಾರೂ ರೋಗಿಗೆ ಶಿಕ್ಷೆಯಾಗುತ್ತದೆ. ದಕ್ಷಿಣ ಭಾರತಕ್ಕೆ ಇದು ಅಪರಿಚಿತ ವ್ಯಾಧಿಯೇನಲ್ಲ. ಕೇರಳದ 7,639 ಗ್ರಾಮಸ್ಥರನ್ನು ಪರೀಕ್ಷಿಸಿದ ಪಿಂಡ್‌ಬೋರ್ಗ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ವರದಿಯಂತೆ, ಶೇ. 1.5ರಷ್ಟು ಜನರಲ್ಲಿ ಇದು ಕಂಡುಬಂದಿತ್ತು.

ಈ ವ್ಯಾಧಿಯನ್ನು ಬೇರುಸಹಿತ ಕೀಳುವ ಔಷಧ ಇಂದಿಗೂ ಇಲ್ಲ. ಉರಿಯೂತವನ್ನು ತಗ್ಗಿಸುವುದಷ್ಟೇ ಸಾಧ್ಯ. 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಅವರು ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಲೇಪಿಸಿ ಫಲ ಕಂಡ ಮೇಲೆ ಸ್ಟೀರಾಯ್ಡ್ ಮುಲಾಮುಗಳ ಯುಗ ಆರಂಭವಾಯಿತು. ಆದರೆ ಚರ್ಮಕ್ಕೆ ಹಚ್ಚಿದ್ದು ಉಳಿಯುತ್ತದೆ, ಬಾಯಿಗೆ ಹಚ್ಚಿದ್ದನ್ನು ಜೊಲ್ಲು ತೊಳೆದುಬಿಡುತ್ತದೆ. ಜೆಲಟಿನ್, ಪೆಕ್ಟಿನ್ ಮತ್ತು ಸೋಡಿಯಂ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಬೆರೆತ ಅಂಟುವ ಲೇಪದಲ್ಲಿ ಶೇ. 0.1ರ ಟ್ರಯಾಮ್ಸಿನೊಲೋನನ್ನು ಸೇರಿಸಿದ್ದು ಈ ತೊಡಕಿಗೆ ದೊರೆತ ಉತ್ತರ. ಔಷಧದ ಹೆಸರನ್ನು ನೆನೆಯುವ ಚರಿತ್ರೆಗಳು ಅದನ್ನು ಹಿಡಿದಿಟ್ಟ ಅಂಟನ್ನು ಮರೆಯುತ್ತವೆ; ಇದು ಸರಿಯಲ್ಲ.

ಔಷಧಗಳು ಹೆಚ್ಚಿದಂತೆ ಯಾವುದು ಮೇಲೆಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರಿಸಬೇಕಾದರೆ ಮೊದಲು ಅಳತೆಗೋಲು ಬೇಕು. ಥಾಯ್ಲೆಂಡಿನ ಥೋಂಗ್‌ಪ್ರಸೋಮ್ ಮತ್ತು ಸಂಗಡಿಗರು 1992ರಲ್ಲಿ ಫ್ಲುಯೊಸಿನೊಲೋನ್ ಹಾಗೂ ಟ್ರಯಾಮ್ಸಿನೊಲೋನ್‌ಗಳನ್ನು ಹೋಲಿಸಿದರು. ಅಂದು ಮೊದಲನೆಯದು ಮೇಲಾಯಿತು. ಆದರೆ ಹೆಚ್ಚು ಬಾಳಿದ್ದು ಅವರ ಅಂಕಪದ್ಧತಿ: ಗಾಯವಿಲ್ಲದಿದ್ದರೆ 0, ಬಿಳಿ ಗೆರೆಗಳಷ್ಟೇ ಇದ್ದರೆ 1, ಹುಣ್ಣು ಒಂದು ಚದರ ಸೆಂಟಿಮೀಟರನ್ನು ಮೀರಿದರೆ 5. ವೈದ್ಯನ ಕಣ್ಣಿಗೆ ಕಾಣುವುದನ್ನು ಇದು ಚೆನ್ನಾಗಿ ಅಳೆಯಿತು. ಉರಿಯನ್ನು ಅಳೆಯಲು ರೋಗಿಯ ಮಾತನ್ನೇ ಕೇಳಬೇಕಾಯಿತು.

1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಟಾಕ್ರೊಲಿಮಸ್‌ನ ಮುಲಾಮಿಗೆ 2000ದಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಚರ್ಮದ ಎಕ್ಜಿಮಾಕ್ಕಾಗಿ. ಬಾಯಿಗೆ ಅದು ಅನುಮತಿಯ ಹೊರಗೇ ಬಂದಿತು. ಇನ್ನು ಲೋಳೆಸರ. 2008ರಲ್ಲಿ ಪ್ರಕಟವಾದ ಥಾಯ್ ಅಧ್ಯಯನದಲ್ಲಿ 27 ರೋಗಿಗಳ ಪೈಕಿ 22 ಮಂದಿಗೆ ಎಂಟು ವಾರಗಳಲ್ಲಿ ಗುಣ ಕಂಡಿತು, ಹುಸಿಮದ್ದು ಪಡೆದ 27ರಲ್ಲಿ ಒಬ್ಬರಿಗೆ ಮಾತ್ರ. ಫಲಿತಾಂಶ ಆಕರ್ಷಕವೇ. ಆದರೆ ಹೋಲಿಕೆ ನಡೆದದ್ದು ಹುಸಿಮದ್ದಿನೊಡನೆ. ಲೋಳೆಸರ ಸ್ಟೀರಾಯ್ಡಿಗೆ ಸಮವೆನ್ನಲು ಈ ಅಂಕಿಗಳು ಸಾಲವು.

2020ರ ಕಾಕ್ರೇನ್ ಪರಾಮರ್ಶೆಯು 35 ಅಧ್ಯಯನಗಳ 1,474 ರೋಗಿಗಳ ಮಾಹಿತಿಯನ್ನು ಪರಿಶೀಲಿಸಿತು. ಲೇಪನ ಸ್ಟೀರಾಯ್ಡ್‌ಗಳು ಹುಸಿಮದ್ದಿಗಿಂತ ನೋವನ್ನು ತಗ್ಗಿಸಬಹುದೆಂದಿತು. ಟಾಕ್ರೊಲಿಮಸ್ ಅವಕ್ಕಿಂತ ಮೇಲೆಂದು ಖಚಿತವಾಗಿ ಹೇಳಲಿಲ್ಲ. ವರ್ಷಗಟ್ಟಲೆ ಕಾಡುವ ಈ ವ್ಯಾಧಿಯ ಔಷಧಗಳನ್ನು ಬಹುತೇಕ ಅಧ್ಯಯನಗಳು ತೂಗಿದ್ದು ಕೆಲವೇ ವಾರಗಳ ಕಾಲ.