ಅಮೆರಿಕದ ಮೊದಲ ತಲೆಮಾರಿನ ಕಪ್ಪು ವೈದ್ಯರು ಮತ್ತು ವಕೀಲರು

ಅಮೆರಿಕದ ಕಪ್ಪು ಜನಾಂಗದವರು ವೈದ್ಯಕೀಯ ಮತ್ತು ವಕೀಲಿ ವೃತ್ತಿಗಳನ್ನು ಪ್ರವೇಶಿಸಿದ ಇತಿಹಾಸವನ್ನು ‘ಮೊದಲಿಗರ’ ಪಟ್ಟಿಯಾಗಿ ಹೇಳುವುದು ರೂಢಿ: 1837ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವೈದ್ಯ ಪದವಿ ಪಡೆದು ನ್ಯೂಯಾರ್ಕಿಗೆ ಮರಳಿದ ಜೇಮ್ಸ್ ಮೆಕ್ಯೂನ್ ಸ್ಮಿತ್, 1844ರಲ್ಲಿ ಮೇನ್ ರಾಜ್ಯದಲ್ಲಿ ವಕೀಲಿ ಸನ್ನದು ಪಡೆದ ಮೇಕನ್ ಬೋಲಿಂಗ್ ಆಲೆನ್, 1864ರಲ್ಲಿ ಬಾಸ್ಟನ್ನಿನಲ್ಲಿ ವೈದ್ಯ ಪದವೀಧರೆಯಾದ ರೆಬೆಕಾ ಲೀ ಕ್ರಂಪ್ಲರ್. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಕ್ಕಿಂತ, ತೇರ್ಗಡೆಯಾದ ಮೇಲೆ ಸಹವೃತ್ತಿಯವರ ಸಾಲಿನಲ್ಲಿ ಸ್ಥಾನ ಪಡೆಯುವುದೇ ಇವರಿಗೆ ಹೆಚ್ಚು ದುಸ್ತರವಾಗಿತ್ತೆಂಬುದು ಈ ಪಟ್ಟಿಯಲ್ಲಿ ಕಾಣುವುದಿಲ್ಲ.

1825ರಲ್ಲಿ ನ್ಯೂಜೆರ್ಸಿಯ ಸೇಲಂನಲ್ಲಿ ಜನಿಸಿದ ಜಾನ್ ರಾಕ್ ಎರಡೂ ವೃತ್ತಿಗಳನ್ನು ಕೈಗೊಂಡವರು. ಶಾಲಾ ಶಿಕ್ಷಕರಾಗಿದ್ದುಕೊಂಡೇ ಇಬ್ಬರು ಬಿಳಿಯ ವೈದ್ಯರ ಬಳಿ ವೈದ್ಯಶಾಸ್ತ್ರ ಕಲಿತ ಅವರು, ಕಾಲೇಜಿನಲ್ಲಿ ಪ್ರವೇಶ ಸಿಗದಾಗ ದಂತವೈದ್ಯರಾದರು. 1852ರಲ್ಲಿ ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿಯನ್ನೂ ಪಡೆದರು. ಮುಂದೆ ಆರೋಗ್ಯ ಕೆಟ್ಟು ವೈದ್ಯವೃತ್ತಿ ಕಷ್ಟವಾದಾಗ ಕಾನೂನು ಓದಿ, 1861ರಲ್ಲಿ ಮ್ಯಾಸಚೂಸೆಟ್ಸಿನ ವಕೀಲರಾದರು. 1865ರ ಫೆಬ್ರವರಿ 1ರಂದು ಸೆನೆಟರ್ ಚಾರ್ಲ್ಸ್ ಸಮ್ನರ್ ಅವರ ಸೂಚನೆಯ ಮೇರೆಗೆ ಸುಪ್ರೀಂ ಕೋರ್ಟು ಅವರನ್ನು ತನ್ನ ವಕೀಲರ ಪಟ್ಟಿಗೆ ಸೇರಿಸಿಕೊಂಡಿತು. ಕಪ್ಪು ಜನರು ದೇಶದ ಪೌರರೇ ಅಲ್ಲವೆಂದು ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಇದೇ ನ್ಯಾಯಾಲಯ ತೀರ್ಪಿತ್ತು ಆಗ ಎಂಟು ವರ್ಷಗಳಷ್ಟೇ ಆಗಿದ್ದವು. ಊರಿಗೆ ಮರಳಲು ವಾಷಿಂಗ್ಟನ್ನಿನ ರೈಲು ನಿಲ್ದಾಣಕ್ಕೆ ಬಂದ ಈ ಹೊಸ ವಕೀಲರನ್ನು ಪಾಸು, ಅಂದರೆ ರಾಜಧಾನಿ ಬಿಟ್ಟು ಹೊರಡುವ ಕಪ್ಪು ಪ್ರಯಾಣಿಕರು ತೋರಿಸಬೇಕಿದ್ದ ಪರವಾನಗಿ ಚೀಟಿ, ಇಲ್ಲವೆಂಬ ಕಾರಣಕ್ಕೆ ತಡೆದು ಬಂಧಿಸಲಾಯಿತು. ಆ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆಯನ್ನೂ ವಾದಿಸುವ ಮುನ್ನ, 1866ರಲ್ಲಿ, ಅವರು ಕ್ಷಯದಿಂದ ತೀರಿಕೊಂಡರು.

ಅದೇ ವಾಷಿಂಗ್ಟನ್ನಿನಲ್ಲಿ 1867ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಮರುವರ್ಷ ವೈದ್ಯ ವಿಭಾಗವೂ 1869ರಲ್ಲಿ ಕಾನೂನು ವಿಭಾಗವೂ ಆರಂಭವಾದವು. ಹಗಲು ದುಡಿಯುವ ವಿದ್ಯಾರ್ಥಿಗಳಿಗಾಗಿ ವೈದ್ಯ ತರಗತಿಗಳು ಸಂಜೆ ನಡೆಯುತ್ತಿದ್ದವು. ಸ್ವದೇಶದಲ್ಲಿ ಪ್ರವೇಶ ದೊರೆಯದೆ ಕೆನಡಾದ ಟೊರಾಂಟೋದಲ್ಲಿ ಕಲಿತ ಅಲೆಕ್ಸಾಂಡರ್ ಆಗಸ್ಟಾ ಇಲ್ಲಿ ಅಧ್ಯಾಪಕರಾದರು. ಆದರೂ 1869ರಲ್ಲಿ ಅವರೂ ಇನ್ನಿಬ್ಬರು ಕಪ್ಪು ವೈದ್ಯರೂ ಸಲ್ಲಿಸಿದ ಸದಸ್ಯತ್ವದ ಅರ್ಜಿಗಳನ್ನು ನಗರದ ವೈದ್ಯ ಸಂಘ ತಿರಸ್ಕರಿಸಿತು. ಇದು ಬರಿಯ ಗೌರವದ ಪ್ರಶ್ನೆಯಾಗಿರಲಿಲ್ಲ. ಸಂಘದ ಸದಸ್ಯರು ಹೊರಗಿನ ವೈದ್ಯರೊಡನೆ ಸಮಾಲೋಚನೆ, ಅಂದರೆ ಕಠಿಣ ರೋಗಿಯೊಬ್ಬರ ಬಗೆಗೆ ಕೂಡಿ ವಿಚಾರ ಮಾಡುವುದನ್ನು, ನಡೆಸುವಂತಿರಲಿಲ್ಲವಾದ್ದರಿಂದ ಕಪ್ಪು ವೈದ್ಯರ ರೋಗಿಗಳೂ ಆ ನೆರವಿಗೆ ಎರವಾಗುತ್ತಿದ್ದರು. 1870ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಕೂಡ ಇವರು ಕಟ್ಟಿದ ಸಂಘದ ಪ್ರತಿನಿಧಿಗಳನ್ನು ಒಪ್ಪಲಿಲ್ಲ. 1895ರಲ್ಲಿ ಅಟ್ಲಾಂಟಾದಲ್ಲಿ ಕಪ್ಪು ವೈದ್ಯರ ಪ್ರತ್ಯೇಕ ರಾಷ್ಟ್ರೀಯ ಸಂಘ ಹುಟ್ಟಿದ್ದು ಈ ಹಿನ್ನೆಲೆಯಲ್ಲಿಯೇ.

ಕಾನೂನು ವಿಭಾಗದಿಂದ 1872ರಲ್ಲಿ ಹೊರಬಂದ ಶಾರ್ಲಟ್ ರೇ ಅಮೆರಿಕದ ಮೊದಲ ಕಪ್ಪು ವಕೀಲೆ. ಸನ್ನದು ಸಿಕ್ಕಿತು, ಕಕ್ಷಿದಾರರು ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಕಚೇರಿ ಮುಚ್ಚಿದ ಅವರು ನ್ಯೂಯಾರ್ಕಿಗೆ ತೆರಳಿ ಶಾಲಾ ಶಿಕ್ಷಕಿಯಾದರು.