ಚೆಕ್ ವ್ಯಾಕರಣ 30 ದಿನದಲ್ಲಿ ಬರುತ್ತದೆಯೇ? ಕಾರವಾರ–ಅಂಕೋಲೆಯವರಿಗೆ ಹಂತ ಹಂತದ ಉತ್ತರ

ಓದಲು ಅಥವಾ ಕೆಲಸಕ್ಕೆ ಚೆಕ್ ಗಣರಾಜ್ಯಕ್ಕೆ ಹೋಗುವ ಯೋಚನೆ ಇರುವವರ ಕಿವಿಗೆ ಎರಡು ಮಾತು ಬೀಳುತ್ತವೆ. ಒಂದು, "30 ದಿನದಲ್ಲಿ ಭಾಷೆ ಕಲಿಸುತ್ತೇವೆ." ಇನ್ನೊಂದು, "ಅದು ಜಗತ್ತಿನಲ್ಲೇ ಅತಿ ಕಷ್ಟದ ಭಾಷೆ, ನಮ್ಮಂಥವರಿಗೆ ಆಗುವುದಿಲ್ಲ." ಮೊದಲನೆಯದನ್ನು ನಂಬಿದರೆ ದುಡ್ಡು ಹೋಗುತ್ತದೆ. ಎರಡನೆಯದನ್ನು ನಂಬಿದರೆ ಅವಕಾಶ ಹೋಗುತ್ತದೆ. ಕನ್ನಡ ಮತ್ತು ಕೊಂಕಣಿ ಎರಡೂ ಆಡುವ ಕಾರವಾರ, ಅಂಕೋಲೆಯವರಿಗಂತೂ ಚೆಕ್ ವ್ಯಾಕರಣದ ಹಲವು ಮೆಟ್ಟಿಲುಗಳು ಮೊದಲೇ ಪರಿಚಯ. ಹೇಗೆಂದು ನೋಡೋಣ.

ಮೊದಲು ಸುಳ್ಳು ಯಾವುದು, ನಿಜ ಯಾವುದು

*"30 ದಿನ ಸಾಕು."* ಸಾಲದು. ಇಂಗ್ಲಿಷ್ ಮಾತೃಭಾಷೆಯ ರಾಜತಾಂತ್ರಿಕರು ಕಚೇರಿ ಕೆಲಸ ನಿಭಾಯಿಸುವಷ್ಟು ಚೆಕ್ ಕಲಿಯಲು ಸುಮಾರು 1,100 ಗಂಟೆಗಳ ತರಗತಿ ಬೇಕು ಎಂಬುದು ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್‌ನ ಅಂದಾಜು. 30 ದಿನದಲ್ಲಿ ಇರುವುದೇ 720 ಗಂಟೆ, ಅದೂ ನಿದ್ದೆ ಸೇರಿಸಿ! ಹಾಗೆಂದು ಒಂದು ತಿಂಗಳು ವ್ಯರ್ಥವಲ್ಲ. ಅಕ್ಷರ ಓದುವುದು, ನಮಸ್ಕಾರ ಹೇಳುವುದು, ಅಂಗಡಿಯಲ್ಲಿ ಬೆಲೆ ಕೇಳುವುದು ಬರುತ್ತದೆ.

*"ಸರ್ಟಿಫಿಕೇಟ್ ಇದ್ದರೆ ವೀಸಾ ಖಚಿತ."* ಇಲ್ಲ. ಭಾಷಾ ಪ್ರಮಾಣಪತ್ರವೊಂದೇ ವೀಸಾ ಕೊಡಿಸುವುದಿಲ್ಲ. ಯುರೋಪಿನಲ್ಲಿ ಭಾಷಾ ಮಟ್ಟವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಹಂತದಲ್ಲಿ ಅಳೆಯುತ್ತಾರೆ. ಚೆಕ್ ಗಣರಾಜ್ಯದಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕುವವರಿಗೆ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯವಾಗಿ ಎ2 ಮಟ್ಟ ಬೇಕು, ಪೌರತ್ವಕ್ಕೆ ಬಿ1. ಇನ್ನೊಂದು ಉಪಯುಕ್ತ ಸಂಗತಿ: ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಚೆಕ್ ಮಾಧ್ಯಮದಲ್ಲೇ ಓದಿದರೆ, ನಿಗದಿತ ಅವಧಿಯೊಳಗೆ, ವಿದೇಶಿಯರಿಗೂ ಬೋಧನಾ ಶುಲ್ಕ ಇಲ್ಲ.

*"ಚೆಕ್ ಹುಟ್ಟಿದ್ದು ಸಂಸ್ಕೃತದಿಂದ."* ಇಲ್ಲ. ಜೇನಿಗೆ ಸಂಸ್ಕೃತದಲ್ಲಿ ‘ಮಧು’, ಚೆಕ್‌ನಲ್ಲಿ ‘ಮೆದ್’. ವಿಧವೆಗೆ ‘ವ್ದೊವ’. ತೋಳಕ್ಕೆ ಸಂಸ್ಕೃತದಲ್ಲಿ ‘ವೃಕ’, ಚೆಕ್‌ನಲ್ಲಿ ‘ವ್ಲ್ಕ್’. ಹೋಲಿಕೆ ನಿಜ. ಆದರೆ ಒಂದು ಇನ್ನೊಂದರ ಮಗಳಲ್ಲ. ಎರಡೂ ಇನ್ನೂ ಹಳೆಯ ಒಂದು ಇಂಡೋ-ಯುರೋಪಿಯನ್ ಮೂಲದಿಂದ ಕವಲೊಡೆದವು. ಕೊಂಕಣಿಯೂ ಅದೇ ಬಳಗ. ಕನ್ನಡ ದ್ರಾವಿಡ ಬಳಗದ ಭಾಷೆ.

ಮೆಟ್ಟಿಲು 1: ಸದ್ದು

ಚೆಕ್‌ನಲ್ಲಿ ಬರೆದಂತೆ ಓದುವುದು ಬಹುಮಟ್ಟಿಗೆ ಸಾಧ್ಯ. ಇಂಗ್ಲಿಷ್‌ನಂತೆ ಸ್ಪೆಲ್ಲಿಂಗ್ ಬಾಯಿಪಾಠ ಬೇಡ. ಹ್ರಸ್ವ–ದೀರ್ಘ ಭೇದ ನಮ್ಮಂತೆಯೇ ಇದೆ: ‘ಬಿತ್’ ಎಂದರೆ ವಾಸದ ಫ್ಲ್ಯಾಟ್, ‘ಬೀತ್’ ಎಂದರೆ ಇರುವುದು. ನಾವು ‘ಕರೆ’ ಮತ್ತು ‘ಕಾರೆ’ ಬೇರೆ ಮಾಡುವಂತೆ. ಒತ್ತು ಯಾವಾಗಲೂ ಪದದ ಮೊದಲ ಅಕ್ಷರಕ್ಕೆ.

"ಸ್ವರವೇ ಇಲ್ಲದ ಪದಗಳಿವೆ" ಎಂದು ಹೆದರಿಸುತ್ತಾರೆ. ಬೆರಳಿಗೆ ‘ಪೃಸ್ತ್’, ಕುತ್ತಿಗೆಗೆ ‘ಕೃಕ್’ ಎಂಬಂಥ ಪದಗಳು. ಇಲ್ಲಿ ‘ರ’ಕಾರವೇ ಸ್ವರದ ಕೆಲಸ ಮಾಡುತ್ತದೆ. ವರ್ಣಮಾಲೆಯಲ್ಲಿ ‘ಋ’ವನ್ನು ಸ್ವರ ಎಂದು ಕಲಿತವರಿಗೆ ಇದರಲ್ಲಿ ವಿಚಿತ್ರವೇನಿದೆ? ನಿಜವಾಗಿ ಕಷ್ಟದ ಸದ್ದು ಒಂದೇ: ನಾಲಿಗೆ ಅದುರಿಸಿ ‘ರ’ ಅನ್ನುವಾಗಲೇ ‘ಶ’ದಂಥ ಉಜ್ಜುವ ಸದ್ದು ಸೇರಿಸುವುದು. ‘ಮೂರು’ ಎನ್ನುವ ಪದದಲ್ಲೇ ಅದು ಬರುತ್ತದೆ. ಚೆಕ್ ಮಕ್ಕಳೂ ಇದನ್ನು ಕೊನೆಗೆ ಕಲಿಯುತ್ತಾರೆ. ಆದ್ದರಿಂದ ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ಮೆಟ್ಟಿಲು 2: ಕ್ರಿಯಾಪದ

ಕನ್ನಡದಲ್ಲಿ ‘ಮಾತಾಡುತ್ತೇನೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ. ಚೆಕ್‌ನಲ್ಲೂ ಹಾಗೇ: ‘ಮ್ಲುವೀಮ್’ (ಮಾತಾಡುತ್ತೇನೆ), ‘ಮ್ಲುವೀಶ್’ (ಮಾತಾಡುತ್ತೀಯ), ‘ಮ್ಲುವೀಮೆ’ (ಮಾತಾಡುತ್ತೇವೆ), ‘ಮ್ಲುವೀತೆ’ (ಮಾತಾಡುತ್ತೀರಿ). ನೀನು–ನೀವು ಭೇದವೂ ಇದೆ: ‘ತಿ’ ಮತ್ತು ‘ವಿ’. ಅಂಗಡಿಯವರಿಗೆ, ಹಿರಿಯರಿಗೆ, ಅಧಿಕಾರಿಗೆ ‘ವಿ’. ಇದನ್ನು ಇಂಗ್ಲಿಷ್ ಮೂಲಕ ಕಲಿತರೆ ಗೊಂದಲ, ಕನ್ನಡದ ಮೂಲಕ ಕಲಿತರೆ ಎರಡೇ ನಿಮಿಷ.

ಮೆಟ್ಟಿಲು 3: ಲಿಂಗ

ಇಲ್ಲಿ ಕನ್ನಡ ಕೈಬಿಡುತ್ತದೆ, ಕೊಂಕಣಿ ಕೈಹಿಡಿಯುತ್ತದೆ. ಕನ್ನಡದಲ್ಲಿ ಮರ, ದಾರಿ, ಮನೆ ಎಲ್ಲವೂ ‘ಅದು’. ಕೊಂಕಣಿಯಲ್ಲಿ ‘ರೂಕ್’ ಪುಲ್ಲಿಂಗ, ‘ವಾಟ್’ ಸ್ತ್ರೀಲಿಂಗ, ‘ಘರ್’ ನಪುಂಸಕ. ಚೆಕ್‌ನಲ್ಲೂ ಜೀವವಿಲ್ಲದ ವಸ್ತುಗಳಿಗೆ ಮೂರು ಲಿಂಗ. ಮರ (‘ಸ್ತ್ರೊಮ್’) ಅಲ್ಲೂ ಪುಲ್ಲಿಂಗ, ದಾರಿ (‘ತ್ಸೆಸ್ತ’) ಅಲ್ಲೂ ಸ್ತ್ರೀಲಿಂಗ. ಆದರೆ ಮನೆ (‘ದೂಮ್’) ಅಲ್ಲಿ ಪುಲ್ಲಿಂಗ. ಅಂದರೆ ಕೊಂಕಣಿಯಿಂದ ಲಿಂಗದ ಕಲ್ಪನೆ ಸಿಗುತ್ತದೆ, ಪಟ್ಟಿ ಸಿಗುವುದಿಲ್ಲ. ಒಂದು ಸುಲಭ ಗುರುತು: ಸಾಮಾನ್ಯವಾಗಿ ವ್ಯಂಜನದಲ್ಲಿ ಮುಗಿದರೆ ಪುಲ್ಲಿಂಗ, ‘ಅ’ದಲ್ಲಿ ಮುಗಿದರೆ ಸ್ತ್ರೀಲಿಂಗ, ‘ಒ’ದಲ್ಲಿ ಮುಗಿದರೆ ನಪುಂಸಕ. ಈ ಲೆಕ್ಕದಲ್ಲಿ ಚೆಕ್ ಜನರ ಬಾಯಲ್ಲಿ ‘ಕಾರ್ವಾರ್’ ಪುಲ್ಲಿಂಗ, ‘ಅಂಕೊಲ’ ಸ್ತ್ರೀಲಿಂಗ!

ಮೆಟ್ಟಿಲು 4: ವಿಭಕ್ತಿ

ಹೆಚ್ಚಿನವರು ಕೋರ್ಸ್ ಬಿಡುವುದು ಇಲ್ಲೇ. ಚೆಕ್‌ನಲ್ಲಿ ಏಳು ವಿಭಕ್ತಿಗಳಿವೆ. ಪ್ರಥಮಾ, ದ್ವಿತೀಯಾ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ ಇದು ಹೊಸದಲ್ಲ. ಸಂಖ್ಯೆಯ ಕ್ರಮ ಮಾತ್ರ ಬೇರೆ. ಶಾಲೆಗೆ ಚೆಕ್‌ನಲ್ಲಿ ‘ಶ್ಕೊಲ’ ಎನ್ನುತ್ತಾರೆ. ಅದರ ಮಾದರಿಯಲ್ಲೇ ಅಂಕೋಲೆಯನ್ನು ನಡೆಸಿದರೆ ಹೀಗಾಗುತ್ತದೆ:

1. ಅಂಕೊಲ – ಅಂಕೋಲೆ (ನಮ್ಮ ಪ್ರಥಮಾ)
2. ಅಂಕೊಲಿ – ಅಂಕೋಲೆಯ (ನಮ್ಮ ಷಷ್ಠೀ)
3. ಅಂಕೊಲೆ – ಅಂಕೋಲೆಗೆ (ನಮ್ಮ ಚತುರ್ಥೀ)
4. ಅಂಕೊಲು – ಅಂಕೋಲೆಯನ್ನು (ನಮ್ಮ ದ್ವಿತೀಯಾ)
5. ಅಂಕೊಲೊ – ಅಂಕೋಲೆಯೇ! (ನಮ್ಮ ಸಂಬೋಧನೆ)
6. ವ್ ಅಂಕೊಲೆ – ಅಂಕೋಲೆಯಲ್ಲಿ (ನಮ್ಮ ಸಪ್ತಮೀ)
7. ಅಂಕೊಲೌ – ಅಂಕೋಲೆಯಿಂದ, ಸಾಧನ ಎಂಬ ಅರ್ಥದಲ್ಲಿ (ನಮ್ಮ ತೃತೀಯಾ)

ಕನ್ನಡಿಗರು ಎಡವುವ ಜಾಗ ಎರಡು. ನಮ್ಮ ‘-ಗೆ’ ಎರಡು ಕೆಲಸ ಮಾಡುತ್ತದೆ: ‘ಅಮ್ಮನಿಗೆ ಕೊಡು’, ‘ಅಂಕೋಲೆಗೆ ಹೋಗು’. ಚೆಕ್‌ನಲ್ಲಿ ಮೊದಲನೆಯದಕ್ಕೆ 3ನೇ ವಿಭಕ್ತಿ. ಎರಡನೆಯದಕ್ಕೆ ಹಿಂದೆ ‘ದೊ’ ಸೇರಿಸಿ 2ನೇ ವಿಭಕ್ತಿ: ‘ದೊ ಅಂಕೊಲಿ’. ಹಾಗೆಯೇ ನಮ್ಮ ‘-ಇಂದ’: ‘ಚಾಕುವಿನಿಂದ ಕೊಯ್ದೆ’ ಎನ್ನುವುದಕ್ಕೆ 7ನೇ ವಿಭಕ್ತಿ, ‘ಅಂಕೋಲೆಯಿಂದ ಬಂದೆ’ ಎನ್ನುವುದಕ್ಕೆ ‘ಜ಼್ ಅಂಕೊಲಿ’, ಮತ್ತೆ 2ನೇದು.

ನಿಜವಾದ ಶ್ರಮ ಇನ್ನೊಂದು. ಕನ್ನಡದಲ್ಲಿ ‘-ಅನ್ನು’ ಎಲ್ಲ ನಾಮಪದಕ್ಕೂ ಅಂಟುತ್ತದೆ. ಚೆಕ್‌ನಲ್ಲಿ ಲಿಂಗ, ಕೊನೆಯ ಸದ್ದು, ಏಕವಚನ–ಬಹುವಚನ ನೋಡಿ ಪ್ರತ್ಯಯ ಬದಲಾಗುತ್ತದೆ. ಅಲ್ಲಿನ ಶಾಲೆಗಳಲ್ಲಿ ಸಾಮಾನ್ಯವಾಗಿ 14 ಮಾದರಿ ಪದಗಳನ್ನು ಕಲಿಸುತ್ತಾರೆ. ಏಳನ್ನೂ ಒಟ್ಟಿಗೆ ಉರು ಹೊಡೆಯಬೇಡಿ. ಮೊದಲು 4ನೇದು (ಕಾಫಿಯನ್ನು ಕೊಡಿ), ನಂತರ 6 ಮತ್ತು 2 (ಎಲ್ಲಿ, ಎಲ್ಲಿಗೆ, ಎಲ್ಲಿಂದ), ಆಮೇಲೆ ಉಳಿದವು. ಪಟ್ಟಿಗಿಂತ ಇಡೀ ವಾಕ್ಯವನ್ನೇ ಬಾಯಿಗೆ ತಂದುಕೊಳ್ಳಿ.

ಮೆಟ್ಟಿಲು 5: ಭೂತಕಾಲ

ಕೊಂಕಣಿಯಲ್ಲಿ ‘ತೊ ಗೆಲೊ, ತಿ ಗೆಲಿ, ತೆಂ ಗೆಲೆಂ’. ಚೆಕ್‌ನಲ್ಲಿ ‘ಒನ್ ಶೆಲ್, ಒನ ಶ್ಲ, ಒನೊ ಶ್ಲೊ’. ಅವನು, ಅವಳು, ಅದು ಹೋದದ್ದು. ಕನ್ನಡದ ‘ಹೋದೆ’ಯನ್ನು ಗಂಡಸೂ ಹೆಂಗಸೂ ಒಂದೇ ರೀತಿ ಹೇಳುತ್ತಾರೆ. ಚೆಕ್‌ನಲ್ಲಿ ಗಂಡಸು ‘ಶೆಲ್ ಸೆಮ್’, ಹೆಂಗಸು ‘ಶ್ಲ ಸೆಮ್’ ಎನ್ನಬೇಕು. ವಿಡಿಯೋದಲ್ಲಿ ಕೇಳಿದ್ದನ್ನು ಹಾಗೇ ಹೇಳುವ ಮೊದಲು ಹೇಳಿದವರು ಗಂಡೋ ಹೆಣ್ಣೋ ನೋಡಿಕೊಳ್ಳಿ.

ಮೆಟ್ಟಿಲು 6: ಮುಗಿಯಿತೇ, ಇಲ್ಲವೇ?

ಮಧ್ಯಮ ಹಂತದ ದೊಡ್ಡ ಪಾಠ ಇದು. ಬಹುತೇಕ ಕ್ರಿಯಾಪದಗಳು ಜೋಡಿಯಾಗಿ ಬರುತ್ತವೆ. ‘ಪ್ಸಾತ್’ ಎಂದರೆ ಬರೆಯುತ್ತಿರುವುದು, ‘ನಪ್ಸತ್’ ಎಂದರೆ ಬರೆದು ಮುಗಿಸುವುದು. ‘ಓದಿದೆ’ ಮತ್ತು ‘ಓದಿ ಮುಗಿಸಿದೆ’ ನಡುವಿನ ವ್ಯತ್ಯಾಸ ನೆನಪಿಸಿಕೊಳ್ಳಿ. ಕನ್ನಡದಲ್ಲಿ ‘ಮುಗಿಸು’ ಬೇಕಾದಾಗ ಸೇರಿಸುತ್ತೇವೆ. ಚೆಕ್‌ನಲ್ಲಿ ಪ್ರತಿ ಸಲ ಆಯ್ಕೆ ಮಾಡಲೇಬೇಕು. ಹೊಸ ಕ್ರಿಯಾಪದವನ್ನು ಜೋಡಿಯಾಗಿಯೇ ಬರೆದಿಟ್ಟುಕೊಳ್ಳಿ.

ಮೆಟ್ಟಿಲು 7: ಪುಸ್ತಕದ ಚೆಕ್, ಬೀದಿಯ ಚೆಕ್

ಪುಸ್ತಕದ ‘ಹೋಗುತ್ತೇನೆ’ ನಮ್ಮ ಮನೆಗಳಲ್ಲಿ ‘ಹೋಗ್ತೆ’ ಆಗುವಂತೆ, ‘ಒಳ್ಳೆಯ’ ಎಂಬ ಅರ್ಥದ ‘ದೊಬ್ರೀ’ ಪ್ರಾಗ್‌ನ ಬೀದಿಯಲ್ಲಿ ‘ದೊಬ್ರೇಯ್’ ಆಗುತ್ತದೆ. ಪರೀಕ್ಷೆಗೆ ಪುಸ್ತಕದ್ದು, ನೆರೆಯವರ ಮಾತು ಅರ್ಥವಾಗಲು ಬೀದಿಯದ್ದು. ಮುಂದುವರಿದ ಕಲಿಕೆಗೆ ಎರಡೂ ಬೇಕು.

ಪ್ರಾಗ್‌ನಲ್ಲಿ ‘ಥಾಕುರೊವ’ ಎಂಬ ರಸ್ತೆ ಇದೆ. ಅಂದರೆ ಠಾಕೂರರ ರಸ್ತೆ, ರವೀಂದ್ರನಾಥ ಟ್ಯಾಗೋರ್ ಹೆಸರಿನದು. ಕಾರವಾರದ ಕಡಲತೀರಕ್ಕೆ ಹೆಸರು ಕೊಟ್ಟ ಅದೇ ಟ್ಯಾಗೋರ್. ರಸ್ತೆ (‘ಉಲಿತ್ಸೆ’) ಸ್ತ್ರೀಲಿಂಗವಾದ್ದರಿಂದ ಹೆಸರಿನ ಕೊನೆ ‘-ಒವ’ ಆಗಿದೆ. ಅವರ ಕೃತಿಗಳನ್ನು ನೇರ ಬಂಗಾಳಿಯಿಂದ ಚೆಕ್‌ಗೆ ತಂದವರು ವಿಂಟ್ಸೆಂಟ್ಸ್ ಲೆಸ್ನೀ. ದ್ರಾವಿಡ ಭಾಷೆಗಳ ದೊಡ್ಡ ವಿದ್ವಾಂಸ ಕಮಿಲ್ ಜ಼್ವೆಲೆಬಿಲ್ ಕೂಡ ಚೆಕ್ ದೇಶದವರೇ. ಅಲ್ಲಿಂದ ಇಲ್ಲಿಗೆ ದಾರಿ ಇದ್ದಮೇಲೆ ಇಲ್ಲಿಂದ ಅಲ್ಲಿಗೂ ಇದೆ.

ಹಣ ಕಟ್ಟುವ ಮೊದಲು ಕೇಳಬೇಕಾದ್ದು

• ಕೋರ್ಸ್ ಮುಗಿದಾಗ ಯಾವ ಮಟ್ಟ, ಎ1 ಅಥವಾ ಎ2?
• ಒಟ್ಟು ಎಷ್ಟು ಗಂಟೆ ಪಾಠ?
• ನನ್ನ ಉದ್ದೇಶಕ್ಕೆ ಕೇಳುವ ಪರೀಕ್ಷೆ ಯಾವುದು, ಅದನ್ನು ನಡೆಸುವವರು ಯಾರು?

ಈ ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ದುಡ್ಡು ಕೊಡಬೇಡಿ. "30 ದಿನದಲ್ಲಿ ಚೆಕ್" ಎಂಬ ಸಂದೇಶ ಬಂದರೆ, ಅದನ್ನು ಫಾರ್ವರ್ಡ್ ಮಾಡುವ ಬದಲು ಈ ಮೂರು ಪ್ರಶ್ನೆ ಕಳಿಸಿ.