ಗಾಯಗೊಂಡ ಜಿಂಕೆಯ ಶೋಧ

ಗಾಯಗೊಂಡ ಜಿಂಕೆಯ ಶೋಧ ಎಂದರೆ ಗುಂಡು ಅಥವಾ ಬಾಣ ತಗುಲಿಯೂ ಸ್ಥಳದಲ್ಲಿ ಬೀಳದೆ ಓಡಿಹೋದ ಜಿಂಕೆಯನ್ನು ಹೆಜ್ಜೆ ಹಾಗೂ ರಕ್ತದ ಗುರುತುಗಳಿಂದ ಪತ್ತೆಹಚ್ಚಿ, ಅದರ ನರಳಾಟವನ್ನು ಬೇಗ ಕೊನೆಗಾಣಿಸುವ ಕ್ರಮ. ಬೇಟೆಗೆ ಅನುಮತಿಯಿರುವ ದೇಶಗಳಲ್ಲಿ ಇದನ್ನು ಬೇಟೆ ನೀತಿಯ ಮುಖ್ಯ ಅಂಗವೆಂದು ಪರಿಗಣಿಸಲಾಗುತ್ತದೆ.

ವಿಧಾನ

ಪೆಟ್ಟು ಬಿದ್ದ ಜಿಂಕೆಯನ್ನು ಕೂಡಲೇ ಬೆನ್ನಟ್ಟುವುದಿಲ್ಲ. ಹಾಗೆಯೇ ಬಿಟ್ಟರೆ ಅದು ಸಾಮಾನ್ಯವಾಗಿ ಸಮೀಪದಲ್ಲೇ ಮಲಗುತ್ತದೆ. ಎಬ್ಬಿಸಿದರೆ ಬಹುದೂರ ಓಡಿ ಕೈತಪ್ಪಬಹುದು. ಮೊದಲು ಅದು ನಿಂತಿದ್ದ ಹಾಗೂ ಕೊನೆಯದಾಗಿ ಕಂಡ ಜಾಗಗಳನ್ನು ಗುರುತಿಸಿ, ಬಿದ್ದಿರುವ ಕೂದಲು ಮತ್ತು ರಕ್ತವನ್ನು ಪರೀಕ್ಷಿಸಲಾಗುತ್ತದೆ. ನೊರೆಗೂಡಿದ ತಿಳಿಗೆಂಪು ರಕ್ತವು ಶ್ವಾಸಕೋಶದ ಗಾಯವನ್ನೂ, ಕಡುಗೆಂಪು ರಕ್ತವು ಯಕೃತ್ತಿನ ಗಾಯವನ್ನೂ, ಮೇವಿನ ಚೂರು ಬೆರೆತ ಹಸಿರು ದ್ರವವು ಹೊಟ್ಟೆಯ ಗಾಯವನ್ನೂ ಸೂಚಿಸುತ್ತದೆ. ಹೊಟ್ಟೆಗೆ ಪೆಟ್ಟಾಗಿದ್ದರೆ ಹಲವು ಗಂಟೆ ಕಾಯಬೇಕಾಗುತ್ತದೆ.

ಜಾಡು ಕಾಣದಾದಾಗ ವಾಸನೆ ಹಿಡಿಯುವ ನಾಯಿಗಳನ್ನು ಬಳಸುತ್ತಾರೆ. ಬವೇರಿಯನ್ ಮೌಂಟನ್ ಹೌಂಡ್ ಇದಕ್ಕೆಂದೇ ಬೆಳೆಸಿದ ಜರ್ಮನ್ ತಳಿ. ಬಾಗಲಕೋಟೆ ಜಿಲ್ಲೆಯ ಪ್ರಸಿದ್ಧ ಮುಧೋಳ ನಾಯಿಯೂ ಬೇಟೆಯ ತಳಿಯೇ. ಆದರೆ ಅದು ಮುಖ್ಯವಾಗಿ ಕಣ್ಣಿನಿಂದ ಗುರಿ ಹಿಡಿದು ಓಡುತ್ತದೆ.

ನೀತಿ

ಗುರಿ ತಪ್ಪಿತೆಂದು ಊಹಿಸಿ ಹಿಂದಿರುಗದೆ ಪ್ರತಿ ಹೊಡೆತವನ್ನೂ ಪರಿಶೀಲಿಸುವುದು, ಸ್ವಂತ ಕೌಶಲದ ಮಿತಿಯನ್ನು ಅರಿತು ಅನುಭವಿಗಳ ನೆರವು ಕೇಳುವುದು, ಪತ್ತೆಯಾಗದ ಪ್ರಾಣಿಯನ್ನೂ ತನ್ನ ಪಾಲಿನ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಈ ನೀತಿಯ ಮುಖ್ಯ ಅಂಶಗಳು. ಇವುಗಳಿಗೆಲ್ಲ ಮೂಲವಾದುದು ವಿನಯ. ಪ್ರತಿಷ್ಠೆಗಾಗಿ ಗಾಯವನ್ನು ಮುಚ್ಚಿಟ್ಟರೆ ಅದರ ಯಾತನೆಯನ್ನು ಪ್ರಾಣಿಯೇ ಅನುಭವಿಸುತ್ತದೆ. ಜರ್ಮನಿಯ ಬೇಟೆ ಕಾಯ್ದೆಯು ಗಾಯಗೊಂಡ ಪ್ರಾಣಿಯನ್ನು ಅನಗತ್ಯ ನೋವಿನಿಂದ ಪಾರುಮಾಡುವುದನ್ನು ಕರ್ತವ್ಯವಾಗಿಸಿದೆ.

ಕರ್ನಾಟಕದಲ್ಲಿ

ಭಾರತದಲ್ಲಿ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972 ಜಿಂಕೆಗಳ ಬೇಟೆಯನ್ನು ನಿಷೇಧಿಸಿದೆ. ಗಾಯಗೊಳಿಸುವುದೂ ಬೆನ್ನಟ್ಟುವುದೂ ಈ ಕಾಯ್ದೆಯ ವ್ಯಾಖ್ಯೆಯಲ್ಲಿ ಬೇಟೆಯೇ ಆಗಿವೆ. ಚೇತರಿಸಿಕೊಳ್ಳಲಾರದಷ್ಟು ಗಾಯಗೊಂಡ ಪ್ರಾಣಿಯನ್ನು ಕೊಲ್ಲಲು 11ನೆಯ ಪ್ರಕರಣದ ಪ್ರಕಾರ ಲಿಖಿತ ಆದೇಶ ಬೇಕು. 39ನೆಯ ಪ್ರಕರಣದ ಪ್ರಕಾರ ಬೇಟೆಯಾದ ಅಥವಾ ಸತ್ತು ಸಿಕ್ಕ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಅದು ಯಾರ ವಶಕ್ಕೆ ಬಂದರೂ 48 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡಬೇಕು.

ಉತ್ತರ ಕರ್ನಾಟಕದ ಬಯಲುಗಳಲ್ಲಿ ಚಿಗರಿ ಎಂದು ಕರೆಯುವ ಕೃಷ್ಣಮೃಗಕ್ಕೂ, ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ವನ್ಯಜೀವಿಧಾಮದಲ್ಲಿರುವ ಚಿಂಕಾರಕ್ಕೂ ಇದೇ ರಕ್ಷಣೆಯಿದೆ. ಇವು ಹುಲ್ಲೆಯ ಜಾತಿಯವು. ಅಟ್ಟಿಸಿಕೊಂಡು ಹೋಗಿ ಹಿಡಿದ ಹುಲ್ಲೆ ಅಥವಾ ಜಿಂಕೆ ಭಯ ಮತ್ತು ಅತಿಶ್ರಮದಿಂದ ಸ್ನಾಯುಗಳು ಹಾನಿಗೊಂಡು ಸಾಯಬಹುದು. ಆದ್ದರಿಂದ ಹೊಲದಲ್ಲಿ ಗಾಯಗೊಂಡ ಪ್ರಾಣಿ ಕಂಡರೆ ಜನರನ್ನೂ ನಾಯಿಗಳನ್ನೂ ದೂರವಿರಿಸಿ ಅರಣ್ಯ ಇಲಾಖೆಗೆ ತಿಳಿಸುವುದು ಸೂಕ್ತ.